ಗಾಳಿಮರದ ಆರು ಮಂದಿ

ಡ್ರಿಲ್ ಮಾಷ್ಟ್ರ ಕೆಲಸಕ್ಕೆ ಹೊಸದಾಗಿ ಸೇರುವವರು ಈಗ ತಮ್ಮನ್ನು ದೈಹಿಕ ಶಿಕ್ಷಣ ಶಿಕ್ಷಕರು ಎಂದು ಉದ್ದಕ್ಕೆ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ನಾನು ಮಾತ್ರ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಡ್ರಿಲ್ ಮಾಷ್ಟ್ರೇ ಆಗಿದ್ದೆ. ಮೊನ್ನೆ ಇಂಥ ಇಬ್ಬರು ಹೊಸಬರು ಮನೆಗೆ ಬಂದು, ನಿಮ್ಮ ಅನುಭವ ಬರೆದಿಡಿ ಸಾರ್, ನಮಗೆ ಉಪಯೋಗ ಆದೀತು ಎಂದರು. ಸನ್ಮಾನ, ಶಾಲು, ಫಲಕ ಇವುಗಳಿಂದ ಅವರಿಗೆ ಎಂತ ಉಪಯೋಗ? ನಾನು ಕೆಡಿಸಿದ್ದನ್ನು ಬರೆದರೆ ಸ್ವಲ್ಪ ಉಪಯೋಗ ಆಗಬಹುದು ಎಂದು ಕುಳಿತಿದ್ದೇನೆ.

ನನ್ನ ಹೈಸ್ಕೂಲು ಹಿರಿಯಡ್ಕದ ಹತ್ತಿರ. ಕೆಲಸ ಎಂದರೆ ಬೆಳಿಗ್ಗೆ ಡ್ರಮ್ ಬಡಿಸುವುದು, ಸಾಲು ನೇರ ಮಾಡುವುದು, ಗಣಿತದ ಮಾಷ್ಟ್ರು ರಜೆ ಹಾಕಿದರೆ ಆ ಕ್ಲಾಸಿನಲ್ಲಿ ಗಲಾಟೆ ಆಗದಂತೆ ಕುಳಿತುಕೊಳ್ಳುವುದು. ಇಡೀ ಶಾಲೆಗೆ ಒಂದು ವಾಲಿಬಾಲ್ ಇತ್ತು. ಹೊಲಿಗೆ ಬಿಟ್ಟರೆ ಚಪ್ಪಲಿ ಹೊಲಿಯುವವರ ಹತ್ತಿರ ನಾನೇ ಕೊಂಡುಹೋಗುತ್ತಿದ್ದೆ. ಮಳೆಗಾಲದಲ್ಲಿ ಅದು ನೀರು ಕುಡಿದು ಎಷ್ಟು ಭಾರವಾಗುತ್ತಿತ್ತು ಎಂದರೆ ಎರಡು ಸಲ ಎತ್ತಿದ ಹುಡುಗರು ಮೂರನೆಯ ಸಲಕ್ಕೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಶಾಲೆಯೊಳಗೆ ನನಗೆ ಅಂಥ ಬೆಲೆ ಏನೂ ಇರಲಿಲ್ಲ. ಬೆಲೆ ಬರುತ್ತಿದ್ದದ್ದು ಕೊಯ್ಲು ಮುಗಿದ ಮೇಲೆ, ಗದ್ದೆಗಳಲ್ಲಿ ವಾಲಿಬಾಲ್ ಪಂದ್ಯಾಟಗಳು ಶುರುವಾದಾಗ.

ಉಡುಪಿ, ಕಾಪು, ಕಾರ್ಕಳದ ಸುತ್ತ ಆಗ ಪ್ರತಿ ಶನಿವಾರ, ಆದಿತ್ಯವಾರ ಎಲ್ಲಿಯಾದರೂ ಒಂದು ಪಂದ್ಯಾಟ ಇದ್ದೇ ಇರುತ್ತಿತ್ತು. ಪೈರಿನ ಬುಡ ಕಿತ್ತು, ನೀರು ಚಿಮುಕಿಸಿ, ಮಣ್ಣು ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆಯುತ್ತಿದ್ದರು. ಅಂಪಾಯರ್ ನಿಲ್ಲಲಿಕ್ಕೆ ತೆಂಗಿನ ಮರ ಹತ್ತುವ ಏಣಿಯನ್ನು ಕಂಬಕ್ಕೆ ಕಟ್ಟಿ ಕೊಡುತ್ತಿದ್ದರು. ಆ ಏಣಿಯ ಮೇಲೆ ವಿಸಿಲ್ ಬಾಯಲ್ಲಿಟ್ಟುಕೊಂಡು ನಿಂತರೆ ಊರಿಗೇ ಹಿರಿಯನಾದ ಗುರಿಕಾರನಿಗೂ ನನ್ನನ್ನು ಕತ್ತೆತ್ತಿ ನೋಡದೆ ಗತ್ಯಂತರ ಇರಲಿಲ್ಲ. ನನಗೆ ಅದು ಹಿಡಿಸಿತ್ತು, ಸುಳ್ಳು ಯಾಕೆ ಹೇಳಬೇಕು.

ಒಮ್ಮೆ ಇನ್ನಂಜೆಯಲ್ಲಿ ಆ ಏಣಿಯ ಮೇಲೆಯೇ ಮರ್ಯಾದೆ ಹೋಯಿತು. ವಾಲಿಬಾಲಿನಲ್ಲಿ ಆರು ಮಂದಿ ಸರದಿಯಂತೆ ಜಾಗ ಬದಲಿಸಿ ಸರ್ವಿಸ್ ಹೊಡೆಯಬೇಕಲ್ಲ, ಒಬ್ಬ ತನ್ನ ಸರದಿ ಅಲ್ಲದೆ ಹೊಡೆದ ಎಂದು ನಾನು ಜೋರಾಗಿ ವಿಸಿಲ್ ಊದಿದೆ. ಊದಿದ ಮೇಲೆ ಎಣಿಸಿ ನೋಡಿದರೆ ಸರದಿ ಅವನದೇ. ತಪ್ಪಾಯಿತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಏಣಿಯ ಮೇಲಿದ್ದವನಿಗೆ ಬಾಯಿ ಬರಲಿಲ್ಲ. ಅದೇ ತೀರ್ಪನ್ನು ಉಳಿಸಿದೆ, ಆ ತಂಡ ಸೋತಿತು. ಸೋಮವಾರ ಶಾಲೆಗೆ ಹೋಗುವಷ್ಟರಲ್ಲಿ ಸುದ್ದಿ ನಮ್ಮ ಹೆಡ್‌ಮಾಷ್ಟ್ರ ಕಿವಿಗೆ ಬಿದ್ದಿತ್ತು. ಅವರು ಆಟ ಆಡಿದವರಲ್ಲ, ಸಂಸ್ಕೃತದ ಮನುಷ್ಯ. "ಮಾಷ್ಟ್ರೇ, ಊದುವ ಮೊದಲು ಎಣಿಸಬೇಕು. ಊದಿ ಎಣಿಸಿದರೆ ನಿಮ್ಮ ಗಾಳಿ ವೇಸ್ಟ್, ಅವರ ಆಟ ವೇಸ್ಟ್" ಎಂದರು. ಅಷ್ಟೇ ಹೇಳಿ ಟೈಮ್‌ಟೇಬಲ್ ನೋಡತೊಡಗಿದರು. ಆ ಮಾತನ್ನು ನಾನು ಹತ್ತು ಕಡೆ ತಮಾಷೆಯಾಗಿ ಹೇಳಿದ್ದೇನೆ. ಕಲಿತೆನೋ ಎಂದು ಕೇಳಿದರೆ ಮುಂದೆ ಓದಿ.

ಪಂದ್ಯಾಟದ ಟೈಸ್ ಹಾಕುವ ಕೆಲಸವೂ ನನ್ನದೇ. ಯಾರ ಎದುರು ಯಾರು ಆಡಬೇಕು ಎಂದು ಚೀಟಿ ಎತ್ತುವುದಕ್ಕೆ ಟೈಸ್ ಎನ್ನುತ್ತಿದ್ದೆವು. ಖಾಲಿ ಪೌಡರ್ ಡಬ್ಬಿಯೊಂದರಲ್ಲಿ ತಂಡಗಳ ಹೆಸರಿನ ಚೀಟಿ ಹಾಕಿ, ಕುಲುಕಿ, ಎಲ್ಲರ ಎದುರು ಎತ್ತುತ್ತಿದ್ದೆ. ಎತ್ತಿದ ಚೀಟಿಗೆ ಕೊನೆಯವರೆಗೂ ಪೌಡರಿನ ಪರಿಮಳ ಇರುತ್ತಿತ್ತು. ಸೋತವರು ನೇರ ನನ್ನ ಮೇಲೆ ಬರುತ್ತಿದ್ದರು: ಮೊದಲ ಸುತ್ತಿನಲ್ಲೇ ನಮಗೆ ಗಾಳಿಮರದವರನ್ನು ಕೊಟ್ಟಿರಿ, ಇಲ್ಲದಿದ್ದರೆ ಫೈನಲ್ಲಿಗೆ ಬರುತ್ತಿದ್ದೆವು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಬೈದು ಕಳಿಸುತ್ತಿದ್ದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಸತ್ಯ ಇತ್ತು. ಗಾಳಿಮರದವರು ಯಾವ ಸುತ್ತಿನಲ್ಲಿ ಸಿಕ್ಕರೂ ಅದೇ ನಿಮ್ಮ ಕೊನೆಯ ಸುತ್ತು.

ಗಾಳಿಮರ ತಂಡ ಎಂದರೆ ಕಾಪು ಪಡುವಿನ ಆರು ಮಂದಿ. ಸಮುದ್ರದ ಬದಿಯ ಗಾಳಿಮರದ ತೋಪಿನಲ್ಲಿ ಅವರ ಅಂಗಣ, ಹಾಗಾಗಿ ಆ ಹೆಸರು. ಬಲೆಯ ನೂಲಿನಿಂದ ಅವರೇ ಹೆಣೆದ ನೆಟ್ಟು. ಆರು ಮಂದಿಯೂ ಚಿಕ್ಕಂದಿನಿಂದ ಮರಳಿನಲ್ಲಿ ಒಟ್ಟಿಗೆ ಆಡಿದವರು. ಮರಳಿನಲ್ಲಿ ಹಾರಿ ಅಭ್ಯಾಸ ಆದವರಿಗೆ ಗದ್ದೆಯ ಗಟ್ಟಿ ಮಣ್ಣು ಸಿಕ್ಕರೆ ಕೇಳಬೇಕೇ? ಜನ ನೋಡಲು ಬರುತ್ತಿದ್ದದ್ದು ಭಾಸ್ಕರನನ್ನು. ಅವನು ಸ್ಮ್ಯಾಶ್ ಹೊಡೆದರೆ ಚೆಂಡು ಎದುರು ನಿಂತವರ ಕಾಲ ಬುಡದಲ್ಲಿ ಬಿದ್ದು ಗದ್ದೆಯ ಅಂಚು ದಾಟುತ್ತಿತ್ತು. ಆದರೆ ಏಣಿಯ ಮೇಲಿಂದ ನೋಡಿದ ನನಗೆ ಗೊತ್ತಿತ್ತು, ಆ ತಂಡ ನಡೆಯುತ್ತಿದ್ದದ್ದು ಸದಾನಂದನಿಂದ. ಸದಾನಂದ ಲಿಫ್ಟರ್. ಅಂದರೆ ಹೊಡೆಯುವವನಿಗೆ ನೆಟ್ಟಿನ ಪಕ್ಕ ಚೆಂಡು ಎತ್ತಿ ಕೊಡುವವನು. ಸಣ್ಣ ಆಳು, ಮಾತು ಕಡಿಮೆ. ಭಾಸ್ಕರ ಎಲ್ಲಿದ್ದಾನೆ ಎಂದು ಅವನು ನೋಡುತ್ತಲೇ ಇರಲಿಲ್ಲ. ಬೆನ್ನು ಹಾಕಿ ನಿಂತು, ಎರಡೂ ಕೈಯ ಬೆರಳ ತುದಿಯಲ್ಲಿ ಚೆಂಡನ್ನು ಹಿಂದಕ್ಕೆ ಕಳಿಸುತ್ತಿದ್ದ. ಚೆಂಡು ಅಲ್ಲಿಗೆ ಹೋಗುವಾಗ ಭಾಸ್ಕರ ಆಗಲೇ ಗಾಳಿಯಲ್ಲಿ ಇರುತ್ತಿದ್ದ. ನನ್ನ ಇಡೀ ಸರ್ವಿಸಿನಲ್ಲಿ ಅಂಥ ಲಿಫ್ಟರನ್ನು ಇನ್ನೊಬ್ಬನನ್ನು ನಾನು ನೋಡಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಗಾಳಿಮರದವರು ಸೋತದ್ದೇ ಇಲ್ಲ. ಹಿರಿಯಡ್ಕದ ಪೇಟೆಯಲ್ಲಿ ಉಪೇಂದ್ರ ಕಾಮತರ ಹೋಟೆಲಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾವು ನಾಲ್ಕಾರು ಮಂದಿ ಅಲ್ಲಿ ಚಾ ಕುಡಿಯುತ್ತ ವಾಲಿಬಾಲಿನ ಜಗಳ ಮಾಡುತ್ತಿದ್ದೆವು. ಕಾಮತರು ದುಡ್ಡಿನ ಗಲ್ಲೆಯ ಪಕ್ಕ ಒಂದು ಬಿಸ್ಕುಟಿನ ಭರಣಿ ಇಟ್ಟಿದ್ದರು. ಪಂದ್ಯಾಟಕ್ಕೆ ಮೊದಲು ಯಾರು ಗೆಲ್ಲುತ್ತಾರೆ ಎಂದು ಬರೆದು ಅದಕ್ಕೆ ಚೀಟಿ ಹಾಕಬೇಕು, ಸರಿಯಾಗಿ ಬರೆದವರಿಗೆ ಸೋಮವಾರ ಒಂದು ಬನ್ಸ್ ಪುಕ್ಕಟೆ. ಎರಡು ವರ್ಷ ಎಲ್ಲರೂ ಗಾಳಿಮರ ಎಂದೇ ಬರೆದು ಕಾಮತರ ಬನ್ಸ್ ತಿಂದೆವು. ಅವರು ತಲೆಯ ಮೇಲೆ ಕೈ ಹೊತ್ತು ನಿಯಮ ಬದಲಿಸಿದರು. ಗೆಲ್ಲುವವರ ಹೆಸರು ಬೇಡ, ಫೈನಲ್ಲಿನಲ್ಲಿ ಸೋಲುವವರು ಕೊನೆಯ ಆಟದಲ್ಲಿ ಎಷ್ಟು ಪಾಯಿಂಟು ಮಾಡುತ್ತಾರೆ ಎಂದು ಬರೆಯಿರಿ ಎಂದರು. ಒಮ್ಮೆ ಒಬ್ಬ ಸೊನ್ನೆ ಎಂದು ಬರೆದು ಗೆದ್ದ.

ವಾದ ಎರಡು ಪಕ್ಷವಾಗಿತ್ತು. ಕಾಮತರದು ಒಂದು ಪಕ್ಷ: ಯಾವಾಗಲೂ ಒಬ್ಬರೇ ಗೆದ್ದರೆ ಆಟ ಯಾಕೆ, ನೇರ ಅವರ ಮನೆಗೆ ಕಪ್ ಕಳಿಸಿದರೆ ಬಸ್ಸಿನ ಚಾರ್ಜು ಉಳಿಯುತ್ತದೆ. ಇನ್ನೊಂದು ಪಕ್ಷ ಪೋಸ್ಟ್‌ಮ್ಯಾನ್ ಗ್ರೆಗರಿ ಡಿಸೋಜರದು. ಅವರು ಆದಿತ್ಯವಾರ ಇಗರ್ಜಿಯಿಂದ ನೇರ ಗದ್ದೆಗೆ ಬರುವ ಮನುಷ್ಯ, ಒಳ್ಳೆಯ ಬಟ್ಟೆಯಲ್ಲೇ ಗದ್ದೆಯ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಗಾಳಿಮರದವರು ಗೆಲ್ಲುವುದು ಅವರ ತಪ್ಪಲ್ಲ, ಉಳಿದವರು ಸೋಲುವುದು ಉಳಿದವರ ತಪ್ಪು ಎಂಬುದು ಗ್ರೆಗರಿಯವರ ವಾದ. ಇವರನ್ನು ಒಂದು ದಿನ ಯಾರಾದರೂ ಸೋಲಿಸುತ್ತಾರಲ್ಲ, ಆ ದಿನ ನಾನು ಅಲ್ಲಿ ಇರಬೇಕು, ಅದಕ್ಕೇ ಬರುವುದು ಎನ್ನುತ್ತಿದ್ದರು.

ನಾನು ಯಾವ ಪಕ್ಷ? ಹೊರಗೆ ಯಾವುದೂ ಅಲ್ಲ. ಅಂಪಾಯರ್ ಅಲ್ಲವೇ, ಮಧ್ಯಸ್ಥ. ಒಳಗೆ ಬೇರೆ ಕತೆ ಇತ್ತು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳದೊಂದು ತಂಡವನ್ನು ನಾನೇ ಕಟ್ಟಿದ್ದೆ. ಒಳ್ಳೆಯ ಹುಡುಗರು, ಹೇಳಿದ್ದು ಕೇಳುವವರು. ನಾಲ್ಕು ಸಲ ಅವರು ಗಾಳಿಮರದವರಿಗೆ ಸಿಕ್ಕಿದರು, ನಾಲ್ಕು ಸಲವೂ ಸೋತರು. ನನ್ನ ತಂಡದ ಆಟಕ್ಕೆ ನಾನು ವಿಸಿಲ್ ಹಿಡಿಯುತ್ತಿರಲಿಲ್ಲ. ಅಷ್ಟು ಪ್ರಾಮಾಣಿಕ ಎಂದು ನನಗೆ ಗರ್ವವೂ ಇತ್ತು. ಗೆರೆಯ ಹೊರಗೆ ನಿಂತು ಅವರು ಸೋಲುವುದನ್ನು ನೋಡುವಾಗ ಮಾತ್ರ ಗೊತ್ತಿಲ್ಲದೆ ಕಾಲಿನಿಂದ ಸುಣ್ಣದ ಗೆರೆ ಅಳಿಸುತ್ತಿದ್ದೆ. ಸಾಯುವುದರೊಳಗೆ ಒಂದು ಕಪ್ ನಮ್ಮ ಶಾಲೆಯ ಕಪಾಟಿಗೆ ಬರಬೇಕು ಎಂದು ಮನಸ್ಸು ಹಟ ಹಿಡಿದಿತ್ತು.

ಪಂದ್ಯಾಟ ನಡೆಸುವ ಊರುಗಳವರೆಲ್ಲ ಸೇರಿ ಮಾಡಿಕೊಂಡ ಒಂದು ಸಮಿತಿ ಇತ್ತು, ಅದಕ್ಕೆ ನಾನೇ ಕಾರ್ಯದರ್ಶಿ. ಫೈನಲ್ಲಿಗೆ ಮೊದಲೇ ಜನ ಎದ್ದುಹೋಗುತ್ತಾರೆ, ಬೇರೆ ತಂಡಗಳು ಹೆಸರು ಕೊಡಲು ಹಿಂದೆ ಸರಿಯುತ್ತಿವೆ ಎಂದು ಸಮಿತಿಯಲ್ಲಿ ದೂರು ಬಂತು. ದೂರು ಸುಳ್ಳಲ್ಲ. ಆಗ ನಾನು ಒಂದು ನಿಯಮ ಬರೆದೆ. ಹಿಂದಿನ ವರ್ಷ ಗೆದ್ದ ತಂಡದ ಆಟಗಾರರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಈ ವರ್ಷ ಒಂದೇ ತಂಡದಲ್ಲಿ ಆಡುವಂತಿಲ್ಲ, ಉಳಿದವರು ಬೇರೆ ಯಾವ ತಂಡಕ್ಕಾದರೂ ಹೋಗಬಹುದು. ಓದಿದರೆ ಎಷ್ಟು ನ್ಯಾಯವಾಗಿ ಕಾಣುತ್ತದೆ ನೋಡಿ. ಒಳ್ಳೆಯ ಆಟ ಎಲ್ಲ ಊರಿಗೂ ಹಂಚಿಹೋಗುತ್ತದೆ, ಎಲ್ಲರಿಗೂ ಸಮಾನ ಅವಕಾಶ ಎಂದು ಕೆಳಗೆ ನಾಲ್ಕು ಸಾಲು ವಿವರಣೆಯನ್ನೂ ಸೇರಿಸಿದೆ. ಹೋಟೆಲಿನಲ್ಲಿ ಓದಿ ತೋರಿಸಿದಾಗ ಕಾಮತರು ಭೇಷ್ ಎಂದರು. ಗ್ರೆಗರಿಯವರು ಚಾದ ಗ್ಲಾಸು ಕೆಳಗಿಟ್ಟು, "ಇದು ಸೋಲಿಸುವುದಲ್ಲ ಮಾಷ್ಟ್ರೇ, ಕೈಕಾಲು ಬಿಡಿಸಿ ಹಂಚುವುದು" ಎಂದರು. ನಾನು ಸಿಟ್ಟಿನಿಂದ, ನೀವು ಕಾಗದ ಹಂಚುವ ಕೆಲಸ ನೋಡಿಕೊಳ್ಳಿ ಎಂದುಬಿಟ್ಟೆ. ಅವರು ನಕ್ಕರು. ಆ ಮಾತಿಗಾಗಿ ನಾನು ಅವರ ಕ್ಷಮೆ ಕೇಳಲೇ ಇಲ್ಲ, ಈಗ ಕೇಳಲು ಅವರಿಲ್ಲ.

ಸಮಿತಿಯ ಸಭೆಗೆ ಎರಡು ದಿನ ಇರುವಾಗ ಸದಾನಂದ ಶಾಲೆಗೆ ಬಂದ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಹಿರಿಯಡ್ಕಕ್ಕೆ ಇನ್ನೊಂದು. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದ, ಪರೀಕ್ಷೆಗೆ ಬಂದವನ ಹಾಗೆ. ನಮ್ಮ ಮಾತು ತುಳುವಿನಲ್ಲಿ ಆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಣಿಪಾಲದ ಒಂದು ದೊಡ್ಡ ಕಚೇರಿಯವರು ತಮ್ಮದೇ ವಾಲಿಬಾಲ್ ತಂಡ ಕಟ್ಟುತ್ತಿದ್ದರು, ಆಟಗಾರರಿಗೆ ಕಾಯಂ ಕೆಲಸ ಕೊಡುತ್ತಿದ್ದರು. ಆ ವರ್ಷ ಕಾರ್ಕಳದ ಪಂದ್ಯಾಟ ನೋಡಲು ಅವರ ಆಫೀಸರೊಬ್ಬರು ಬರುತ್ತಾರೆ ಎಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಕೆಲಸಕ್ಕೆ ಸೇರಲು ವಯಸ್ಸಿನ ಮಿತಿ ಇತ್ತು. ಸದಾನಂದನಿಗೆ ಅದು ಕೊನೆಯ ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ಮಾವನ ಬೋಟಿನಲ್ಲಿ ಆಗಾಗ ಹೋಗುತ್ತಿದ್ದ. ಈ ವರ್ಷ ಆಗದಿದ್ದರೆ ಆಟ ಬಿಟ್ಟು ಮಲ್ಪೆಯಲ್ಲಿ ಕಾಯಂ ಬೋಟಿಗೆ ಸೇರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದ.

"ನಿಯಮ ಮಾಡಬೇಡಿ ಅಂತ ನಾನು ಹೇಳುದಿಲ್ಲ ಸಾರ್. ಒಂದು ವರ್ಷ ಮುಂದೆ ಹಾಕಿ. ಭಾಸ್ಕರ ಇಲ್ಲದಿದ್ರೆ ನಾನು ಎತ್ತಿದ್ದು ಯಾರಿಗೂ ಕಾಣುದಿಲ್ಲ" ಎಂದ.

ಅವನು ಹೇಳಿದ್ದು ನೂರಕ್ಕೆ ನೂರು ಸತ್ಯ ಎಂದು ಆ ಶಾಲೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಲಿಫ್ಟರನ ಕೆಲಸ ಕಾಣುವುದು ಹೊಡೆಯುವವನ ಕೈಯಲ್ಲಿ. ಆದರೂ ನಾನು, ನಿಯಮ ಎಂದರೆ ಎಲ್ಲರಿಗೂ ಒಂದೇ, ಒಬ್ಬನಿಗಾಗಿ ಮುಂದೆ ಹಾಕಲಿಕ್ಕೆ ಆಗುವುದಿಲ್ಲ ಎಂದೆ. ಒಳ್ಳೆಯ ಆಟಗಾರ ಎಲ್ಲಿ ಹೋದರೂ ಒಳ್ಳೆಯ ಆಟಗಾರನೇ ಎಂದು ಉಪದೇಶವನ್ನೂ ಕೊಟ್ಟೆ. ಆಯ್ತು ಸಾರ್ ಎಂದು ಹೇಳಿ, ಎರಡೂ ಕೈ ಮುಗಿದು ಹೋದ. ಅವನು ಒಂದು ಮಾತು ಜಗಳ ಮಾಡಿದ್ದರೆ ನನಗೆ ಇಷ್ಟು ಕಾಡುತ್ತಿರಲಿಲ್ಲವೋ ಏನೋ.

ಸಭೆಯಲ್ಲಿ ನಿಯಮ ಪಾಸಾಯಿತು. ಮುಂದಿನ ವರ್ಷದಿಂದ ಮಾಡಿದರೆ ಹೇಗೆ ಎಂದು ಕಾಪುವಿನ ಪ್ರತಿನಿಧಿ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಈ ವರ್ಷದಿಂದಲೇ ಆಗಲಿ ಎಂದು ನಾನು ಬರೆದೆ.

ಆಮೇಲೆ ಆದದ್ದು ಎಲ್ಲರೂ ಊಹಿಸಬಹುದಾದದ್ದೇ. ಭಾಸ್ಕರನನ್ನು ಕಾರ್ಕಳದವರು ಎತ್ತಿಕೊಂಡುಹೋದ ಹಾಗೆ ಕರೆದುಕೊಂಡರು, ಇನ್ನಿಬ್ಬರು ಉಡುಪಿಯ ತಂಡಗಳಿಗೆ ಹೋದರು. ಗಾಳಿಮರದಲ್ಲಿ ಸದಾನಂದ ಮತ್ತು ಇಬ್ಬರು ಉಳಿದರು, ಮೂವರು ಹೊಸಬರು ಸೇರಿದರು. ಲಿಫ್ಟರನನ್ನು ಯಾರೂ ಕರೆಯಲಿಲ್ಲ. ಎಲ್ಲ ತಂಡಕ್ಕೂ ಬೇಕಾಗಿದ್ದದ್ದು ಹೊಡೆಯುವವರು. ಆ ಸಲ ಕಾಮತರ ಭರಣಿಗೆ ಮತ್ತೆ ಗೆಲ್ಲುವವರ ಹೆಸರು ಬರೆದು ಹಾಕಬೇಕು ಎಂದಾಯಿತು. ಅರ್ಧ ಮಂದಿ ಕಾರ್ಕಳ ಎಂದರು, ಕೆಲವರು ಉಡುಪಿ ಎಂದರು. ಗ್ರೆಗರಿಯವರು ಹಟಕ್ಕೆ ಗಾಳಿಮರ ಎಂದೇ ಬರೆದರು. ವಾದ ಎಷ್ಟು ಜೋರಾಯಿತೆಂದರೆ ಮೂರು ಸಂಜೆ ಹೋಟೆಲಿನಲ್ಲಿ ಕೂರಲು ಜಾಗ ಸಿಗಲಿಲ್ಲ. ನೋಡಿದಿರಾ, ಆಟಕ್ಕೆ ಜೀವ ಬಂತು ಎಂದು ನಾನು ಬೀಗಿದೆ.

ಕಾರ್ಕಳದಲ್ಲಿ ಗಾಳಿಮರದ ಮೊದಲ ಆಟಕ್ಕೆ ನಾನೇ ಏಣಿ ಹತ್ತಿದೆ. ಮಣಿಪಾಲದ ಆಫೀಸರು ಅಂಗಣದ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಸದಾನಂದ ಎಂದಿನಂತೆ ಬೆನ್ನು ಹಾಕಿ ನಿಂತ, ಬೆರಳ ತುದಿಯಲ್ಲಿ ಚೆಂಡನ್ನು ಹಿಂದಕ್ಕೆ ಎತ್ತಿದ. ಅಲ್ಲಿ ಯಾರೂ ಇರಲಿಲ್ಲ. ಹೊಸ ಹುಡುಗ ಇನ್ನೂ ಎರಡು ಹೆಜ್ಜೆ ಆಚೆ ಇದ್ದ. ಚೆಂಡು ತಾನಾಗಿ ಕೆಳಗೆ ಬಂದು ಮಣ್ಣಿಗೆ ಬಿತ್ತು. ಜನ ನಕ್ಕರು. ಹತ್ತು ವರ್ಷದ ಅಭ್ಯಾಸ, ಕೈ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಮತ್ತೆ ಎತ್ತಿದ, ಮತ್ತೆ ಬಿತ್ತು. ಆಮೇಲೆ ಹಿಂದೆ ತಿರುಗಿ ನೋಡಿ ಎತ್ತತೊಡಗಿದ. ಅವನು ತಿರುಗಿ ನೋಡಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ನೋಡಿ ಎತ್ತಿದ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಎದುರಿನವರಿಗೂ ಗೊತ್ತಾಗುತ್ತಿತ್ತು. ಎರಡು ನೇರ ಆಟಗಳಲ್ಲಿ ಗಾಳಿಮರ ಹೊರಗೆ ಬಿತ್ತು. ಕೊನೆಯ ವಿಸಿಲ್ ನಾನೇ ಊದಿದೆ.

ಇಷ್ಟು ಆದದ್ದು ನಿಯಮದಿಂದ. ಮುಂದಿನದು ಮಾತ್ರ ನನ್ನ ಬಾಯಿಂದ. ನಾನು ಏಣಿಯಿಂದ ಇಳಿಯುವಾಗ ಆ ಆಫೀಸರು ಹತ್ತಿರ ಬಂದು, ಆ ಲಿಫ್ಟರ್ ಭಾರಿ ಒಳ್ಳೆಯವನು ಎಂದು ಕೇಳಿದ್ದೆ, ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರು. ಪೆನ್ನು ಕೈಯಲ್ಲೇ ಇತ್ತು. ಪಕ್ಕದ ಅಂಗಣದಲ್ಲಿ ನನ್ನ ಹುಡುಗರ ಆಟ ಶುರುವಾಗುವುದರಲ್ಲಿತ್ತು, ನನ್ನ ಕಣ್ಣು ಆ ಕಡೆ ಇತ್ತು. ಇಂಥ ಲಿಫ್ಟರ್ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳಿದರೆ ಹಾಗಾದರೆ ಇವತ್ತು ಯಾಕೆ ಹೀಗೆ ಎಂದು ಕೇಳುತ್ತಾರೆ, ಆಗ ನಿಯಮದ ಕತೆ ಹೇಳಬೇಕು, ಅದು ತಪ್ಪೆಂದು ನಾನೇ ಒಪ್ಪಬೇಕು. "ಇವತ್ತು ಸರಿ ಇಲ್ಲ ಅಂತ ಕಾಣ್ತದೆ" ಎಂದೆ. ಅವರು ತಲೆಯಾಡಿಸಿ ಪೆನ್ನು ಜೇಬಿಗೆ ಹಾಕಿದರು. ಸದಾನಂದ ಹತ್ತು ಮಾರು ದೂರದಲ್ಲಿ ಕಾಲಿನ ಮಣ್ಣು ತೊಳೆಯುತ್ತ ನಮ್ಮನ್ನೇ ನೋಡುತ್ತಿದ್ದ.

ಆ ಪಂದ್ಯಾಟ ಗೆದ್ದದ್ದು ನನ್ನ ಹುಡುಗರು. ಭಾಸ್ಕರನಿಗೆ ಕಾರ್ಕಳದ ತಂಡದಲ್ಲಿ ಸರಿಯಾಗಿ ಎತ್ತಿ ಕೊಡುವವರು ಇರಲಿಲ್ಲ, ಆದರೂ ಅವನ ಎತ್ತರ, ಕೈಯ ಬಲ ನೋಡಿ ಮಣಿಪಾಲದವರು ಅವನನ್ನು ಆರಿಸಿದರು. ಕಪ್ಪನ್ನು ಹೆಗಲ ಮೇಲೆ ಹೊತ್ತು ನಾವು ಹಿರಿಯಡ್ಕಕ್ಕೆ ಬಂದೆವು. ಸೋಮವಾರ ಕಾಮತರು ಭರಣಿ ಬಗ್ಗಿಸಿದರೆ ಸರಿಯಾಗಿ ಬರೆದವನು ನಾನೊಬ್ಬನೇ. ಎಲ್ಲರ ಎದುರು ನನಗೆ ಬನ್ಸ್ ಬಂತು.

"ಪ್ರಶ್ನೆ ಪತ್ರಿಕೆ ಮಾಡಿದವರೇ ಪರೀಕ್ಷೆಗೆ ಕೂತ್ರೆ ಪಾಸಾಗದೆ ಎಂತ ಮಾರಾಯ್ರೇ" ಎಂದರು ಗ್ರೆಗರಿ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಬನ್ಸನ್ನು ಚಾದಲ್ಲಿ ಅದ್ದಿ ತಿಂದು ಮುಗಿಸಿದೆ.

ಸಮಾನತೆ ಬಂತೇ ಎಂದು ಕೇಳಿದರೆ ಬಂತು. ಎಂಟು ತಂಡ ಸೇರಿದರೆ ಎಂಟರಲ್ಲಿ ಯಾವುದೂ ಗೆಲ್ಲಬಹುದಿತ್ತು. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಗದ್ದೆಯ ಅಂಚಿನಲ್ಲಿ ಜನ ಕಡಿಮೆಯಾದರು. ಒಬ್ಬರೇ ಗೆಲ್ಲುತ್ತಾರೆ ಎಂದು ಬೈಯುತ್ತಿದ್ದ ಜನರೇ ಅವರನ್ನು ನೋಡಲು ಬರುತ್ತಿದ್ದವರು ಎಂದು ನಮಗೆ ಆಗ ಗೊತ್ತಾಯಿತು. ಹಿಂದೆ ಗಾಳಿಮರದವರ ಎದುರು ಒಂದು ಆಟದಲ್ಲಿ ಎಂಟು ಪಾಯಿಂಟು ಮಾಡಿದರೆ ಆ ಹುಡುಗರು ವಾರವಿಡೀ ಎದೆ ಉಬ್ಬಿಸಿ ತಿರುಗುತ್ತಿದ್ದರು. ಈಗ ಕಪ್ ಗೆದ್ದವರಿಗೂ ಆ ಕಳೆ ಇರಲಿಲ್ಲ. ನನ್ನ ಹುಡುಗರೇ ಒಂದು ದಿನ, ಅವರು ಆರು ಮಂದಿ ಇದ್ದಾಗ ಗೆದ್ದಿದ್ದರೆ ಹೇಗಿರ್ತಿತ್ತು ಸಾರ್ ಎಂದು ಕೇಳಿದರು. ನಾನು ಅವರನ್ನು ಮೈದಾನಕ್ಕೆ ನಾಲ್ಕು ಸುತ್ತು ಓಡಿಸಿದೆ. ಕಾಮತರು ಭರಣಿಗೆ ಮತ್ತೆ ಬಿಸ್ಕುಟು ತುಂಬಿಸಿದರು.

ಎರಡು ವರ್ಷಕ್ಕೆ ಸಮಿತಿ ಆ ನಿಯಮವನ್ನು ತೆಗೆದುಹಾಕಿತು. ತೆಗೆದುಹಾಕಿದ ನಿರ್ಣಯವನ್ನು ಬರೆದವನೂ ನಾನೇ. ಅಷ್ಟರಲ್ಲಿ ಗಾಳಿಮರದವರು ಎಲ್ಲಿದ್ದರು? ಒಬ್ಬ ಬೊಂಬಾಯಿಗೆ, ಒಬ್ಬ ಗಲ್ಫಿಗೆ ಹೋಗಿದ್ದ. ಭಾಸ್ಕರ ಮಣಿಪಾಲದಲ್ಲಿ ಮೇಜಿನ ಕೆಲಸದಲ್ಲಿದ್ದ. ಅವನಿಗೆ ಬೇಕಾದ ಕಡೆ ಚೆಂಡು ಬಾರದೆ ಅಲ್ಲಿಯ ತಂಡದಿಂದ ಬೇಗ ಹೊರಗೆ ಬಿದ್ದನಂತೆ, ಕೆಲಸ ಮಾತ್ರ ಉಳಿಯಿತು. ಸದಾನಂದ ತಾಯಿಗೆ ಕೊಟ್ಟ ಮಾತಿನಂತೆ ಮಲ್ಪೆಯಲ್ಲಿ ಬೋಟಿಗೆ ಸೇರಿದ್ದ. ಒಮ್ಮೆ ಕಾಪುವಿಗೆ ಹೋದಾಗ ತೋಪಿನ ಆ ಅಂಗಣ ನೋಡಿ ಬಂದೆ. ಎರಡು ಕಂಬ ಹಾಗೇ ಇದ್ದವು. ನಡುವೆ ಮೀನು ಒಣಗಲು ಹಾಕಿದ್ದರು.

ಆ ಮೇಲಿನ ವರ್ಷಗಳಲ್ಲಿ ಎಲ್ಲ ಬದಲಾಯಿತು. ನೀರು ಕುಡಿಯದ ಚೆಂಡು ಬಂತು, ಏಣಿಯ ಬದಲು ಕಬ್ಬಿಣದ ಸ್ಟ್ಯಾಂಡು ಬಂತು, ಟೈಸನ್ನು ಟೈಪ್ ಮಾಡಿ ಹಂಚತೊಡಗಿದರು. ನಾನು ಪೌಡರ್ ಡಬ್ಬಿ ಬಿಡಲಿಲ್ಲ. ಸದಾನಂದನನ್ನು ಮಲ್ಪೆಯಲ್ಲಿ ಎರಡು ಸಲ ದೂರದಿಂದ ಕಂಡಿದ್ದೆ, ಬೇರೆ ದಾರಿ ಹಿಡಿದಿದ್ದೆ. ಹತ್ತಾರು ವರ್ಷ ಸಾವಿರ ಮಕ್ಕಳಿಗೆ ಎದೆ ಸೆಟೆದು ನಿಲ್ಲಲು ಕಲಿಸಿದ ಮನುಷ್ಯ ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಿವೃತ್ತನಾದೆ. ಬೀಳ್ಕೊಡುವ ದಿನ ಹೊಸ ಹೆಡ್‌ಮಾಷ್ಟ್ರು ಭಾಷಣದಲ್ಲಿ, ನಮ್ಮ ಶಾಲೆಗೆ ಕಾರ್ಕಳದ ಕಪ್ ತಂದುಕೊಟ್ಟವರು ಎಂದು ಹೇಳಿ ಚಪ್ಪಾಳೆ ಹೊಡೆಸಿದರು. ಅವರಿಗೆ ಏನು ಗೊತ್ತು ಪಾಪ. ಕಪಾಟಿನ ಗಾಜಿನೊಳಗೆ ಅದು ಕಪ್ಪಾಗಿ ನಿಂತಿತ್ತು. ಮರುದಿನ ಹೋಗಿ, ಪಾಲಿಶ್ ಮಾಡಿಸಿ ತರುತ್ತೇನೆ ಎಂದು ಹೇಳಿ ಕೇಳಿ ಪಡೆದೆ. ಹುಣಸೆ ಹುಳಿ ಹಾಕಿ ನಾನೇ ಉಜ್ಜಿದೆ. ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಉಡುಪಿಗೆ ಹೋಗಿ ಕಾಪುವಿನ ಬಸ್ಸು ಹತ್ತಿದೆ.

ಆದಿತ್ಯವಾರ, ಸದಾನಂದ ಮನೆಯಲ್ಲೇ ಇದ್ದ. ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಕೂದಲು ಸ್ವಲ್ಪ ನೆರೆತಿತ್ತು. ಎದ್ದು ನಿಂತ, ಅವನ ಹೆಂಡತಿ ಬೆಲ್ಲ ನೀರು ತಂದಿಟ್ಟರು. ಬೋಟಿನಲ್ಲಿ ಈಗ ತನ್ನದೂ ಒಂದು ಪಾಲು ಉಂಟು, ಊಟಕ್ಕೆ ತೊಂದರೆ ಇಲ್ಲ ಎಂದ. ಆಟದ ಸುದ್ದಿ ಎತ್ತಲಿಲ್ಲ. ನಾನು ಕಪ್ಪನ್ನು ಬಿಚ್ಚಿ ಅವನ ಮುಂದೆ ಇಟ್ಟೆ. ಎಲ್ಲ ಹೇಳಿದೆ. ನಿಯಮ ಯಾಕೆ ಬರೆದದ್ದು, ಯಾಕೆ ಆ ವರ್ಷದಿಂದಲೇ ಎಂದದ್ದು, ಮಣಿಪಾಲದವರು ಕೇಳಿದಾಗ ಏನು ಹೇಳಿದ್ದು. ಇದು ನಿಮಗೆ ಸೇರಬೇಕಾದದ್ದು ಸದಾನಂದ, ಇಟ್ಟುಕೊಳ್ಳಿ ಎಂದೆ. ಅವನನ್ನು ಮೊದಲ ಸಲ ಬಹುವಚನದಲ್ಲಿ ಕರೆದೆ.

ಅವನು ಬಲೆಯ ಒಂದು ಕಣ್ಣು ಮುಗಿಸಿದ. ಆಮೇಲೆ ಹೇಳಿದ, "ನೀವು ಅವರ ಹತ್ರ ಎಂತ ಹೇಳಿದ್ದು ಅಂತ ನನಗೆ ಅವತ್ತೇ ಗೊತ್ತಾಗಿದೆ ಸಾರ್. ಅವರು ಪೆನ್ನು ಒಳಗೆ ಹಾಕಿದ್ದು ನಾನು ನೋಡಿದ್ದೇನೆ. ಕೆಲಸದ ಬೇಜಾರು ಹೋಗಿದೆ. ನಮ್ಮ ಆರು ಜನರನ್ನು ಒಬ್ಬರಾದರೂ ಸೋಲಿಸಬೇಕಿತ್ತು. ಸೋತು ನಿಲ್ಲಿಸಿದ್ರೆ ಮನಸ್ಸಿಗೆ ಒಂದು ಸಮಾಧಾನ ಇರ್ತಿತ್ತು."

ನಾನು ಕಪ್ಪನ್ನು ಅವನ ಕಡೆಗೆ ಇನ್ನೂ ಸ್ವಲ್ಪ ಸರಿಸಿದೆ.

ಅವನು ಅದನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಎತ್ತಿದ. ಅದೇ ಬೆರಳು, ಅದೇ ಹಗುರ. ತಿರುಗಿಸಿ ನೋಡಿ, ಬೈರಾಸಿನ ಮೇಲೆ ನನ್ನ ಕಡೆಗೇ ಇಟ್ಟ.

"ನಿಮ್ಮ ಹುಡುಗರು ಎಂತ ತಪ್ಪು ಮಾಡಿದ್ರು? ಅವರು ಆಡಿ ಗೆದ್ದದ್ದು ಅಲ್ವಾ? ಯಾರಿಗೆ ಸೇರಬೇಕು ಅಂತ ಪುನಃ ನೀವೊಬ್ಬರೇ ತೀರ್ಮಾನ ಮಾಡುದು ಬೇಡ ಸಾರ್."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದು ಒತ್ತಾಯ ಮಾಡಿದ. ನಾನು ಕೂತು ಊಟ ಮಾಡಿದೆ. ಮೀನಿನ ಸಾರು ರುಚಿಯಾಗಿತ್ತು, ಎರಡು ಸಲ ಬಡಿಸಿಕೊಂಡೆ.

ಹಿಂದೆ ಬರುವಾಗ ಉಡುಪಿಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್ ನನ್ನ ಹಳೆ ವಿದ್ಯಾರ್ಥಿ. ಬೈರಾಸಿನ ಹೊರಗೆ ಕಪ್ಪಿನ ಕಿವಿ ಕಾಣುತ್ತಿತ್ತು. ರಿಟೈರಾದ ಮೇಲೂ ಬಿಡಲಿಲ್ಲ ಅಲ್ವಾ ಮಾಷ್ಟ್ರೇ, ಯಾವ ಟೂರ್ನಮೆಂಟು, ಯಾರು ಗೆದ್ದದ್ದು ಎಂದು ಖುಷಿಯಿಂದ ಕೇಳಿದ.

"ಗೆದ್ದದ್ದಲ್ಲ ಮಾರಾಯ. ಕೊಡ್ಲಿಕ್ಕೆ ಹೋಗಿದ್ದೆ. ತಕ್ಕೊಳ್ಳಲಿಲ್ಲ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಹಿರಿಯಡ್ಕಕ್ಕೆ ಒಂದು ಟಿಕೆಟು ಹರಿದು ಕೊಟ್ಟು ಮುಂದೆ ಹೋದ. ಮರುದಿನ ನಾನು ಕಪ್ಪನ್ನು ಶಾಲೆಯ ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟು ಬಂದೆ.